ಪ್ರಾಗ್‌ನಿಂದ ವಿಯೆನ್ನಾಕ್ಕೆ ಡ್ರೈವರ್ ಸಮೇತ ಗಾಡಿ: ಬುಕ್ ಮಾಡುವ ಮುಂಚೆ ಏನೇನು ಕೇಳಬೇಕು?

ಪ್ರಶ್ನೆ (ಮೈಸೂರಿನಿಂದ)

ನಮಸ್ಕಾರ. ಮೇ ಎರಡನೇ ವಾರ ನಾವು ಆರು ಜನ ಯುರೋಪಿಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, ಅತ್ತೆ, ಮಾವ, 9 ವರ್ಷದ ಮಗ, 4 ವರ್ಷದ ಮಗಳು. ಪ್ರಾಗ್‌ನಲ್ಲಿ ಮೂರು ದಿನ ಇದ್ದು ಆಮೇಲೆ ವಿಯೆನ್ನಾಕ್ಕೆ ಹೋಗಬೇಕು. ಮಾವನವರಿಗೆ ಮಂಡಿ ನೋವು. ಲಗೇಜ್ ಎಳೆದುಕೊಂಡು ರೈಲು ಹತ್ತಿ ಇಳಿಯೋದು ಬೇಡ ಅಂತ ಡ್ರೈವರ್ ಸಮೇತ ಗಾಡಿ ಮಾಡೋಣ ಅಂದುಕೊಂಡಿದ್ದೇವೆ. ದಾರಿಯಲ್ಲಿ ಕುಟ್ನಾ ಹೋರಾ, ಚೆಸ್ಕಿ ಕ್ರುಮ್ಲೋವ್, ಮೆಲ್ಕ್ ಮೂರೂ ನೋಡಿ ಸಂಜೆಗೆ ವಿಯೆನ್ನಾ ಸೇರುವ ಆಸೆ. ಮೂರು ಕಡೆ ರೇಟ್ ಕೇಳಿದೆ. ಒಬ್ಬರು ಉಳಿದಿಬ್ಬರಿಗಿಂತ ಹೆಚ್ಚುಕಮ್ಮಿ ಅರ್ಧಕ್ಕೇ ಬರ್ತೀವಿ ಅಂತಿದ್ದಾರೆ. ನಂಬಬಹುದಾ?

ಉತ್ತರ

ಮೇಡಂ, ನಾನು ವಿಯೆನ್ನಾದಲ್ಲಿದ್ದುಕೊಂಡು ಇದೇ ಕೆಲಸ ಮಾಡುತ್ತೇನೆ. ನಮ್ಮ ಕಡೆಯಿಂದ ಬರುವ ಕುಟುಂಬಗಳಿಗೆ ಗಾಡಿ ಗೊತ್ತು ಮಾಡಿಕೊಡೋದು, ದಾರಿ ಹಾಕಿಕೊಡೋದು. ರೇಟ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ದಾರಿ ನೋಡೋಣ.

ಪ್ರಾಗ್‌ನಿಂದ ವಿಯೆನ್ನಾಕ್ಕೆ ನೇರ ಹೋದರೆ ಸುಮಾರು 330 ಕಿ.ಮೀ., ನಾಲ್ಕು ಗಂಟೆ. ಕುಟ್ನಾ ಹೋರಾ ಪ್ರಾಗ್‌ನ ಪೂರ್ವಕ್ಕಿದೆ, ಕ್ರುಮ್ಲೋವ್ ದಕ್ಷಿಣಕ್ಕಿದೆ. ಎರಡೂ ಒಂದೇ ದಾರಿಯಲ್ಲಿಲ್ಲ. ಪ್ರಾಗ್‌ನಿಂದ ಕುಟ್ನಾ ಹೋರಾಕ್ಕೆ ಒಂದೂಕಾಲು ಗಂಟೆ, ಅಲ್ಲಿಂದ ಕ್ರುಮ್ಲೋವ್‌ಗೆ ಎರಡೂವರೆ, ಕ್ರುಮ್ಲೋವ್‌ನಿಂದ ಮೆಲ್ಕ್‌ಗೆ ಎರಡರ ಮೇಲೆ, ಮೆಲ್ಕ್‌ನಿಂದ ವಿಯೆನ್ನಾಕ್ಕೆ ಇನ್ನೊಂದೂಕಾಲು. ಬರೀ ಗಾಡಿಯಲ್ಲಿ ಕೂರೋದೇ ಏಳು ಗಂಟೆ ಆಯ್ತು. ಊಟ, ಬಾತ್‌ರೂಮ್, ಮಗುವಿನ ನಿದ್ದೆ ಸೇರಿಸಿದರೆ ನೋಡೋದಕ್ಕೆ ಉಳಿಯುವ ಸಮಯ ಎಷ್ಟು ಹೇಳಿ. ಪ್ರತಿ ಊರಿನಲ್ಲೂ ಇಳಿದು, ಒಂದು ಫೋಟೋ ತೆಗೆದು, ಮತ್ತೆ ಹತ್ತಬೇಕು. ಮಂಡಿ ನೋವಿನವರಿಗೆ ಆ ಹತ್ತಿ ಇಳಿಯೋದೇ ದೊಡ್ಡ ಶಿಕ್ಷೆ.

ನನ್ನ ಮಾತು ಕೇಳಿ, ಒಂದೇ ಊರು ಇಟ್ಟುಕೊಳ್ಳಿ. ಕ್ರುಮ್ಲೋವ್ ಸಾಕು. ವ್ಲಟಾವಾ ನದಿ ಆ ಪುಟ್ಟ ಊರನ್ನು ಕುದುರೆ ಲಾಳದ ಹಾಗೆ ಸುತ್ತಿಕೊಂಡು ಹೋಗುತ್ತದೆ. ಬಂಡೆಯ ಮೇಲೆ ಕೋಟೆ, ಬಣ್ಣ ಬಣ್ಣದ ಗೋಪುರ, ಕೆಳಗೆ ಕೆಂಪು ಹೆಂಚಿನ ಮನೆಗಳು. 1992ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕೋಟೆ ಬಾಗಿಲ ಕಂದಕದಲ್ಲಿ ಕರಡಿ ಸಾಕಿದ್ದಾರೆ, ಮಕ್ಕಳಿಗೆ ಅದೇ ಸಾಕು. ಬೆಳಗ್ಗೆ 8ಕ್ಕೆ ಹೊರಟರೆ ಹತ್ತೂವರೆಗೆ ಕ್ರುಮ್ಲೋವ್. ಮೂರೂವರೆ ಗಂಟೆ ನಿಧಾನವಾಗಿ ಅಲ್ಲೇ ಇರಿ, ಊಟ ಮಾಡಿ. ಎರಡಕ್ಕೆ ಹೊರಟರೆ ಐದು, ಐದೂವರೆಗೆ ವಿಯೆನ್ನಾದ ಹೋಟೆಲ್. ಲಿಂಟ್ಸ್ ಕಡೆಯಿಂದ ಹೋಗಿ ಅಂತ ಡ್ರೈವರ್‌ಗೆ ಹೇಳಿ. ಆ ಹೆದ್ದಾರಿಯಿಂದಲೇ ಮೆಲ್ಕ್‌ನ ಹಳದಿ ಬಣ್ಣದ ದೊಡ್ಡ ಮಠ ಕಾಣುತ್ತದೆ. ಒಳಗೆ ಹೋಗಬೇಕು ಅನಿಸಿದರೆ ವಿಯೆನ್ನಾದಿಂದ ಇನ್ನೊಂದು ದಿನ ರೈಲಿನಲ್ಲಿ ಆರಾಮಾಗಿ ಹೋಗಿಬರಬಹುದು.

ಈಗ ರೇಟ್. ನಮ್ಮಲ್ಲಿ ಮೈಸೂರಿನಿಂದ ಮಡಿಕೇರಿಗೆ ಗಾಡಿ ಮಾಡಿದರೆ ಕಿ.ಮೀ.ಗೆ ಇಷ್ಟು, ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ., ಮೇಲೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಅಂತ ಲೆಕ್ಕ ಹಾಕುತ್ತಾರೆ. ಇಲ್ಲಿ ಹಾಗಲ್ಲ. ಇಡೀ ಗಾಡಿಗೆ ಒಂದೇ ರೇಟ್ ಹೇಳುತ್ತಾರೆ. ಅದರೊಳಗೆ ಏನು ಸೇರಿದೆ ಅನ್ನೋದರಲ್ಲೇ ವ್ಯತ್ಯಾಸ ಇರೋದು. ನಿಮ್ಮನ್ನು ಸಂಜೆ ವಿಯೆನ್ನಾದಲ್ಲಿ ಇಳಿಸಿದ ಮೇಲೆ ಆ ಡ್ರೈವರ್ ಖಾಲಿ ಗಾಡಿ ಓಡಿಸಿಕೊಂಡು 330 ಕಿ.ಮೀ. ವಾಪಸ್ ಹೋಗಬೇಕಲ್ವಾ? ಆ ಡೀಸೆಲ್, ಅವನ ಆ ನಾಲ್ಕು ಗಂಟೆ, ಎರಡೂ ದೇಶದ ವಿನ್ಯೆಟ್ (ಹೆದ್ದಾರಿಯಲ್ಲಿ ಓಡಿಸೋಕೆ ಮೊದಲೇ ಕಟ್ಟುವ ಶುಲ್ಕ), ಪಾರ್ಕಿಂಗ್ ಎಲ್ಲ ಸೇರಿ ರೇಟ್ ಆಗೋದು. ಅರ್ಧಕ್ಕೇ ಬರ್ತೀನಿ ಅನ್ನುವವರು ಇದರಲ್ಲಿ ಯಾವುದನ್ನೋ ಬಿಟ್ಟಿದ್ದಾರೆ. ಕ್ರುಮ್ಲೋವ್‌ನಲ್ಲಿ ನಿಲ್ಲೋದನ್ನೇ ಸೇರಿಸದೆ ನೇರ ದಾರಿಯ ರೇಟ್ ಹೇಳಿರಬಹುದು. ಸಣ್ಣ ಗಾಡಿ ಇರಬಹುದು. ಬಾಡಿಗೆ ಓಡಿಸುವ ಪರವಾನಗಿಯೇ ಇಲ್ಲದಿರಬಹುದು.

ನಮ್ಮಲ್ಲಾದರೆ ಹಳದಿ ಬೋರ್ಡ್ ನೋಡಿದರೆ ಬಾಡಿಗೆ ಗಾಡಿ ಅಂತ ಗೊತ್ತಾಗುತ್ತದೆ. ಇಲ್ಲಿ ಬೋರ್ಡ್ ಬಣ್ಣ ನೋಡಿ ಹೇಳೋಕಾಗಲ್ಲ. ಆದ್ದರಿಂದ ಕಂಪನಿ ಹೆಸರಿನ ಬಿಲ್ ಕೊಡ್ತೀರಾ ಅಂತ ಮೊದಲೇ ಕೇಳಿ. ಜೆಕ್ ಕಂಪನಿಯಾದರೆ 'ಇಚೊ' ಅನ್ನುವ 8 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಸರ್ಕಾರದ ರಿಜಿಸ್ಟರ್‌ನಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು. ವಿಯೆನ್ನಾದ ಟ್ಯಾಕ್ಸಿ ಆದರೆ ನಂಬರ್ ಪ್ಲೇಟ್ ಕೊನೆಯಲ್ಲಿ 'ಟಿಎಕ್ಸ್' ಅಂತ ಇರುತ್ತದೆ. ಬಿಲ್ ಬೇಡ, ಕ್ಯಾಶ್ ಕೊಟ್ಟುಬಿಡಿ ಅಂದರೆ ಬಿಟ್ಟುಬಿಡಿ. ಆರು ಜನ ಕೂತಿರುವ ಗಾಡಿಗೆ ಏನಾದರೂ ಆದರೆ ಇನ್ಶೂರೆನ್ಸ್ ಪ್ರಶ್ನೆ ಬರುತ್ತದೆ.

ಅದೇ ಸದಸ್ಯೆಯ ಮರುಪ್ರಶ್ನೆ

ತುಂಬಾ ಥ್ಯಾಂಕ್ಸ್ ಸರ್. ಮೂರು ಊರು ಬೇಡ ಅಂತ ಮನೆಯವರಿಗೂ ಓದಿ ಹೇಳಿದೆ, ಒಪ್ಪಿದರು. ನಾವು ಹೊರಡೋದು ಸೋಮವಾರ, ತೊಂದರೆ ಇಲ್ವಾ? ಲಗೇಜ್ 4 ದೊಡ್ಡ ಸೂಟ್‌ಕೇಸ್, 4 ಚಿಕ್ಕವು. ಮಗಳಿಗೆ ಚೈಲ್ಡ್ ಸೀಟ್ ಬೇಕೇ ಬೇಕಾ? ತೊಡೆ ಮೇಲೆ ಕೂರಿಸಿಕೊಳ್ಳಬಹುದಾ?

ಉತ್ತರ

ಸೋಮವಾರ ಅಂತ ಹೇಳಿದ್ದು ಒಳ್ಳೇದಾಯ್ತು. ಜೆಕ್ ದೇಶದ ಸರ್ಕಾರಿ ಕೋಟೆಗಳಿಗೆ ಸೋಮವಾರ ಸಾಮಾನ್ಯವಾಗಿ ರಜೆ, ಒಳಗೆ ಕರೆದುಕೊಂಡು ಹೋಗುವ ಟೂರ್ ಇರೋದಿಲ್ಲ. ಕ್ರುಮ್ಲೋವ್ ಕೋಟೆಯ ಅಂಗಳಗಳಲ್ಲಿ ಓಡಾಡಬಹುದು, ಮೇಲಿನ ಸೇತುವೆಯಿಂದ ಊರು ನೋಡಬಹುದು. ಒಳಗಿನ ಕೋಣೆಗಳನ್ನು ನೋಡಲೇಬೇಕು ಅಂದರೆ ಮಂಗಳವಾರಕ್ಕೆ ಹಾಕಿಕೊಳ್ಳಿ. ಹೋಟೆಲ್ ಬುಕಿಂಗ್ ಬದಲಿಸಲು ಆಗದಿದ್ದರೆ ಸೋಮವಾರವೇ ಹೋಗಿ, ಬೇಜಾರೇನೂ ಆಗಲ್ಲ. ನಮ್ಮವರಲ್ಲಿ ಹೆಚ್ಚಿನವರು ನದಿ, ಬೀದಿ ನೋಡಿಯೇ ಖುಷಿಪಡುತ್ತಾರೆ.

ಚೈಲ್ಡ್ ಸೀಟ್ ಬೇಕೇ ಬೇಕು. ತೊಡೆ ಮೇಲೆ ಕೂರಿಸುವ ಮಾತೇ ಬೇಡ. ಮಗನಿಗೂ ಬೂಸ್ಟರ್ ಬೇಕಾಗಬಹುದು. ಜೆಕ್ ದೇಶದಲ್ಲಿ 150 ಸೆಂ.ಮೀ.ಗಿಂತ ಕಮ್ಮಿ ಎತ್ತರ, 36 ಕೆ.ಜಿ.ಗಿಂತ ಕಮ್ಮಿ ತೂಕ ಇರುವ ಮಕ್ಕಳಿಗೆ ಸೀಟ್ ಕಡ್ಡಾಯ. ಆಸ್ಟ್ರಿಯಾದಲ್ಲಿ 14 ವರ್ಷದೊಳಗಿನ, 135 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ. ನೀವು ಎರಡೂ ದೇಶ ದಾಟುತ್ತೀರಿ, ಹಾಗಾಗಿ ಇಬ್ಬರ ಎತ್ತರ, ತೂಕ ಬರೆದು ಕಳಿಸಿ. 'ಎರಡು ಮಕ್ಕಳಿದ್ದಾರೆ' ಅಂತ ಮಾತ್ರ ಬರೆದರೆ ಪುಟ್ಟ ಪಾಪುವಿನ ಸೀಟ್ ತಂದು ನಿಲ್ಲಿಸುತ್ತಾರೆ.

ಲಗೇಜ್ ಬಗ್ಗೆ ಜಾಸ್ತಿ ಹೇಳಲೇಬೇಕು, ಎಲ್ಲರೂ ಎಡವೋದು ಇಲ್ಲೇ. 'ಎಂಟು ಸೀಟಿನ ವ್ಯಾನ್' ಅಂದರೆ ಎಂಟು ಜನ ಕೂರಬಹುದು ಅಂತ ಅಷ್ಟೇ. ಎಂಟು ಜನರ ಸೂಟ್‌ಕೇಸ್ ಹಿಡಿಸುತ್ತದೆ ಅಂತಲ್ಲ. ಮರ್ಸಿಡಿಸ್ ವೀಟೋ, ವಿ-ಕ್ಲಾಸ್ ಗಾಡಿಗಳಲ್ಲಿ ಉದ್ದದ ಮಾಡೆಲ್‌ಗಳು ಬೇರೆ ಇವೆ. ಗಿಡ್ಡ ಮಾಡೆಲ್‌ನಲ್ಲಿ ಹಿಂದಿನ ಸಾಲಿನ ಸೀಟ್ ಹಾಕಿದರೆ ಅದರ ಬೆನ್ನಿಗೂ ಬಾಗಿಲಿಗೂ ನಡುವೆ ಒಂದು ಸಾಲು ಸೂಟ್‌ಕೇಸ್ ನಿಲ್ಲಿಸುವಷ್ಟೇ ಜಾಗ. ನಿಮ್ಮ 4 ದೊಡ್ಡವು ಅಲ್ಲಿಗೆ ಮುಗಿಯಿತು, ಚಿಕ್ಕವು ಕಾಲಡಿಗೆ ಬರುತ್ತವೆ. ಉದ್ದದ ಗಾಡಿಯೇ ಬೇಕು ಅಂತ ಬರೆಯಿರಿ. ಸೂಟ್‌ಕೇಸ್‌ಗಳನ್ನೆಲ್ಲ ಒಟ್ಟಿಗೆ ನಿಲ್ಲಿಸಿ, ಪಕ್ಕದಲ್ಲಿ ಮಗನನ್ನು ನಿಲ್ಲಿಸಿ ಒಂದು ಫೋಟೋ ತೆಗೆದು ಕಳಿಸಿ. ಅಳತೆ ಬರೆಯೋದಕ್ಕಿಂತ ಅದು ಬೇಗ ಅರ್ಥವಾಗುತ್ತದೆ.

ಮಾವನವರ ವಿಷಯ. ಹಿರಿಯರು ಅಂತ ಮುಂದಿನ ಸೀಟ್ ಬಿಟ್ಟುಕೊಡುವುದು ನಮ್ಮ ರೂಢಿ. ಈ ವ್ಯಾನ್‌ಗಳಲ್ಲಿ ಮುಂದಿನ ಸೀಟ್ ಎತ್ತರ, ಕಾಲು ಮಡಚಿ ಹತ್ತಬೇಕು. ಪಕ್ಕಕ್ಕೆ ಜಾರುವ ಬಾಗಿಲ ಹತ್ತಿರ ತಗ್ಗಿನಲ್ಲಿ ಒಂದು ಮೆಟ್ಟಿಲಿದೆ, ಮೇಲೆ ಹಿಡಿಕೆ ಇದೆ. ಅಲ್ಲಿಂದ ಹತ್ತಿ ನಡುವಿನ ಸಾಲಿನಲ್ಲಿ ಕೂರೋದು ಮಂಡಿಗೆ ಸುಲಭ. ಆ ಬಾಗಿಲು ಕೆಲವು ಗಾಡಿಗಳಲ್ಲಿ ಮೋಟಾರಿನದು. ಜೋರಾಗಿ ಎಳೆಯಬಾರದು, ಒಮ್ಮೆ ಮುಟ್ಟಿ ಬಿಟ್ಟರೆ ತಾನೇ ಸರಿಯುತ್ತದೆ.

ಇನ್ನೊಂದು ಮಾತು. ಕ್ರುಮ್ಲೋವ್ ಹಳೇ ಊರಿನೊಳಗೆ ಗಾಡಿ ಬಿಡೋದಿಲ್ಲ. ಹೊರಗಿನ ಪಾರ್ಕಿಂಗ್‌ನಿಂದ ನಡೆಯಬೇಕು. ಬೀದಿಗಳೆಲ್ಲ ಉರುಟು ಕಲ್ಲು ಹಾಸಿದ್ದು, ಏರಿಳಿತ ಬೇರೆ. ಅಡಿ ಮೆತ್ತಗಿರುವ ಶೂ ಹಾಕಿಸಿ, ಕೋಲು ಇದ್ದರೆ ತನ್ನಿ. ಕೋಟೆ ಹತ್ತಲು ಆಗದಿದ್ದರೆ ಮಾವನವರು, ಅತ್ತೆ ಇಬ್ಬರೂ ನದಿ ದಂಡೆಯ ಹೋಟೆಲ್‌ನಲ್ಲಿ ಕೂತಿರಲಿ. ಮೇ ತಿಂಗಳಲ್ಲಿ ಹೊರಗೆ ಮೇಜು ಹಾಕಿರುತ್ತಾರೆ, ಎದುರಿಗೆ ದೋಣಿಗಳು ಹೋಗುತ್ತಿರುತ್ತವೆ.

ಹುಬ್ಬಳ್ಳಿಯಿಂದ ಇನ್ನೊಬ್ಬರು

ಸರ್, ನಾವು ಗಂಡ ಹೆಂಡತಿ ಇಬ್ರೇ ಇದ್ದೀವ್ರಿ. ಇಬ್ಬರಿಗೆ ಇಡೀ ಗಾಡಿ ಮಾಡೋದು ದುಬಾರಿ ಅನಸ್ತದ. ಕ್ರುಮ್ಲೋವ್ ಮಾತ್ರ ನೋಡಬೇಕ್ರಿ.

ಉತ್ತರ

ಇಬ್ಬರಿಗೆ ಖಂಡಿತ ಬೇಡ್ರಿ. ಪ್ರಾಗ್‌ನ ನಾ ಕ್ನೀಝೆಸಿ ಬಸ್ ನಿಲ್ದಾಣದಿಂದ ಕ್ರುಮ್ಲೋವ್‌ಗೆ ಬಸ್ ಇದೆ, ಸುಮಾರು ಮೂರು ಗಂಟೆ. ಒಂದು ರಾತ್ರಿ ಅಲ್ಲೇ ಉಳಿಯಿರಿ, ಸಂಜೆ ಟೂರಿಸ್ಟ್ ಬಸ್‌ಗಳೆಲ್ಲ ಹೋದ ಮೇಲೆ ಆ ಊರು ಬಹಳ ಚೆನ್ನಾಗಿರುತ್ತದೆ. ಮರುದಿನ ಅಲ್ಲಿಂದ ವಿಯೆನ್ನಾಕ್ಕೆ ಶಟಲ್ ವ್ಯಾನ್ ಸಿಗುತ್ತದೆ. ಸೀಟ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಬೇರೆಯವರ ಜೊತೆ ಹೋಗೋದು, ನಮ್ಮ ಮ್ಯಾಕ್ಸಿಕ್ಯಾಬ್ ಇದ್ದ ಹಾಗೆ. ಎಲ್ಲೂ ನಿಲ್ಲೋದೇ ಬೇಡ ಅನ್ನುವವರಿಗೆ ರೈಲೇ ಸರಿ. ಪ್ರಾಗ್‌ನಿಂದ ವಿಯೆನ್ನಾಕ್ಕೆ ನಾಲ್ಕು ಗಂಟೆ, ಮುಂಚೆ ಬುಕ್ ಮಾಡಿದರೆ ಅಗ್ಗ.

ಬೆಂಗಳೂರಿನಿಂದ ಒಬ್ಬರು

ನಾನೇ ಗಾಡಿ ಬಾಡಿಗೆಗೆ ತಗೊಂಡು ಓಡಿಸಿದರೆ ಹೇಗೆ ಸರ್?

ಉತ್ತರ

ಓಡಿಸಬಹುದು. ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ಜೊತೆಗೆ ನಮ್ಮ ಲೈಸೆನ್ಸ್ ಕಾರ್ಡೂ ಇರಬೇಕು. ಆದರೆ ಒಂದು ದೇಶದಲ್ಲಿ ಗಾಡಿ ತಗೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ಒನ್-ವೇ ಚಾರ್ಜ್ ಅಂತ ದೊಡ್ಡ ಮೊತ್ತ ಸೇರಿಸುತ್ತಾರೆ. ಆ ರೇಟ್ ನೋಡದೆ ಹೋಲಿಸಬೇಡಿ. ಎರಡು ದೇಶಕ್ಕೂ ಬೇರೆ ಬೇರೆ ವಿನ್ಯೆಟ್ ಬೇಕು. ರಸ್ತೆಯ ಬಲಗಡೆ ಓಡಿಸಿ ರೂಢಿ ಇಲ್ಲದವರು ಮೊದಲ ದಿನವೇ ಪ್ರಾಗ್‌ನ ಟ್ರಾಮ್‌ಗಳ ನಡುವೆ ಶುರು ಮಾಡೋದು ಬೇಡ ಅಂತ ನನ್ನ ಸಲಹೆ.

ಮ್ಯೂನಿಕ್‌ನಿಂದ ಒಬ್ಬ ಸದಸ್ಯರು

ನಮ್ಮ ಅಪ್ಪ ಅಮ್ಮ ಬಂದಾಗ ಆದದ್ದು ಹೇಳ್ತೀನಿ. ಫೋನಿನಲ್ಲಿ ಮಾತಾಡಿ ಗಾಡಿ ಬುಕ್ ಮಾಡಿದ್ದೆ. 'ಸ್ಟಾಪ್ ಇದೆ' ಅಂದಿದ್ದರು, ಎಷ್ಟು ಹೊತ್ತು ಅಂತ ನಾನು ಕೇಳಿರಲಿಲ್ಲ. ಅರ್ಧ ಗಂಟೆ ಆದ ಮೇಲೆ ಡ್ರೈವರ್ ಫೋನ್ ಮಾಡಿ, ಇನ್ನು ಕಾಯಬೇಕಾದರೆ ಗಂಟೆಗೆ ಇಷ್ಟು ಅಂದರು. ಅಮ್ಮ ಊಟ ಅರ್ಧಕ್ಕೇ ಬಿಟ್ಟು ಎದ್ದು ಬಂದರು. ಇವತ್ತಿಗೂ ಅದು ನೆನಪಾದರೆ ನನಗೆ ಸಂಕಟ ಆಗುತ್ತದೆ.

ಉತ್ತರ

ನೀವು ಬರೆದದ್ದು ಎಲ್ಲರಿಗೂ ಉಪಯೋಗ ಆಗುತ್ತದೆ. ಎಷ್ಟು ಊರು ಅಂತ ಕೇಳಿದರೆ ಸಾಲದು, ಪ್ರತಿ ಊರಲ್ಲಿ ಎಷ್ಟು ಗಂಟೆ ಅಂತ ಬರಹದಲ್ಲಿ ಇರಬೇಕು.

ಡ್ರೈವರ್ ಬಗ್ಗೆಯೂ ಒಂದು ಮಾತು. ನಾನು ಡ್ರೈವರ್‌ಗಳನ್ನು ಕೇಳುವ ಮೊದಲ ಪ್ರಶ್ನೆ, ನಿನ್ನೆ ರಾತ್ರಿ ಎಷ್ಟು ಗಂಟೆಗೆ ಮಲಗಿದೆ ಅಂತ. ದೊಡ್ಡ ಬಸ್‌ಗಳಿಗೆ ಯುರೋಪಿನಲ್ಲಿ ಕಾನೂನೇ ಇದೆ, ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ. ಡ್ರೈವರ್ ಸೇರಿ ಒಂಬತ್ತು ಸೀಟಿನ ಒಳಗಿನ ವ್ಯಾನ್‌ಗೆ ಆ ಕಾನೂನು ಬರೋದಿಲ್ಲ. ಹಾಗಾಗಿ ನಾವೇ ನೋಡಿಕೊಳ್ಳಬೇಕು. ನೀವು ಕ್ರುಮ್ಲೋವ್ ಸುತ್ತುವ ಮೂರೂವರೆ ಗಂಟೆಯೇ ಅವನ ಊಟ, ವಿಶ್ರಾಂತಿಯ ಸಮಯ. ಆಗ ಫೋನ್ ಮಾಡಿ ನೀರಿನ ಬಾಟಲ್ ತನ್ನಿ, ಜಾಕೆಟ್ ತನ್ನಿ ಅನ್ನಬೇಡಿ. ಬೇಕಾದ್ದನ್ನು ಇಳಿಯುವಾಗಲೇ ಎತ್ತಿಕೊಳ್ಳಿ. ವಿಯೆನ್ನಾ ಸೇರಿದ ಮೇಲೆ 'ಹಾಗೇ ಷೋನ್‌ಬ್ರುನ್ ಅರಮನೆ ತೋರಿಸಿಬಿಡಿ' ಅಂತಲೂ ಕೇಳಬೇಡಿ. ಅವನು ಇನ್ನೂ ನಾಲ್ಕು ಗಂಟೆ ಓಡಿಸಿ ಮನೆ ಸೇರಬೇಕು. ಅದಲ್ಲದೆ ಜೆಕ್ ಗಾಡಿ ವಿಯೆನ್ನಾದ ಒಳಗೆ ಬಾಡಿಗೆ ಓಡಿಸೋದು ಬೇರೆ ಲೈಸೆನ್ಸ್‌ನ ವಿಷಯ.

ಅವನು ಗೈಡ್ ಅಲ್ಲ ಅನ್ನೋದೂ ನೆನಪಿರಲಿ. ಆಸ್ಟ್ರಿಯಾದಲ್ಲಿ ಗೈಡ್ ಕೆಲಸಕ್ಕೆ ಪರೀಕ್ಷೆ, ಲೈಸೆನ್ಸ್ ಎರಡೂ ಇದೆ. ದಾರಿಯಲ್ಲಿ ನಾಲ್ಕು ಮಾತು ಹೇಳುತ್ತಾನೆ, ಅರಮನೆ ಒಳಗೆ ಬಂದು ವಿವರಿಸೋದಿಲ್ಲ. ಕೆಲಸ ಚೆನ್ನಾಗಿ ಮಾಡಿದರೆ ಇಳಿಯುವಾಗ ಕೈಲಾದಷ್ಟು ಟಿಪ್ಸ್ ಕೊಡಿ.

ಮೈಸೂರಿನ ಸದಸ್ಯೆ

ಕೊನೇ ಎರಡು ಪ್ರಶ್ನೆ ಸರ್. ನಾವು ಸಸ್ಯಾಹಾರಿಗಳು, ಗಾಡಿಯಲ್ಲಿ ಪುಳಿಯೋಗರೆ ತಿನ್ನಬಹುದಾ? ಗಾಡಿಯವರಿಗೆ ಕಳಿಸುವ ಮೆಸೇಜ್ ಹೇಗೆ ಬರೆಯಲಿ?

ಉತ್ತರ

ಓಡುವ ಗಾಡಿಯಲ್ಲಿ ಬೇಡ. ಎಣ್ಣೆ ಕಲೆ ಸೀಟಿಗೆ ಹತ್ತಿದರೆ ತೊಳೆಯುವ ಖರ್ಚು ಕೇಳುತ್ತಾರೆ. ಹೆದ್ದಾರಿ ಪಕ್ಕದ ವಿಶ್ರಾಂತಿ ಜಾಗಗಳಲ್ಲಿ ಮರದ ಮೇಜು, ಬೆಂಚು ಇರುತ್ತವೆ. ಅಲ್ಲಿ ಕೂತು ತಿಂದರೆ ಯಾರೂ ಏನೂ ಅನ್ನಲ್ಲ. ಅಲ್ಲಿನ ಟಾಯ್ಲೆಟ್‌ಗೆ ಚಿಲ್ಲರೆ ಬೇಕಾಗಬಹುದು. ಜೆಕ್ ಕಡೆ ಕೊರೂನಾ, ಆಸ್ಟ್ರಿಯಾ ಕಡೆ ಯೂರೋ, ಎರಡೂ ಇಟ್ಟುಕೊಳ್ಳಿ. ಕ್ರುಮ್ಲೋವ್‌ನಲ್ಲಿ 'ಸ್ಮಾಜೆನಿ ಸಿರ್' ಅಂತ ಕರಿದ ಚೀಸ್ ಸಿಗುತ್ತದೆ, ಮಕ್ಕಳಿಗೆ ಹಿಡಿಸುತ್ತದೆ. ಸೂಪ್ ಮಾತ್ರ ಕೇಳಿಯೇ ತಗೊಳ್ಳಿ. ತರಕಾರಿ ಸೂಪ್ ಅಂದರೂ ಮಾಂಸದ ನೀರಿನಲ್ಲಿ ಮಾಡಿರಬಹುದು.

ಪಾಸ್‌ಪೋರ್ಟ್‌ಗಳನ್ನು ಡಿಕ್ಕಿಯ ಸೂಟ್‌ಕೇಸ್‌ಗೆ ಹಾಕಬೇಡಿ, ಕೈಚೀಲದಲ್ಲಿರಲಿ. ಎರಡೂ ಷೆಂಗೆನ್ ದೇಶಗಳೇ, ಒಂದೇ ವೀಸಾ ಸಾಕು. ಆದರೂ ಗಡಿಯಲ್ಲಿ ಒಮ್ಮೊಮ್ಮೆ ತಡೆದು ನೋಡುತ್ತಾರೆ.

ಮೆಸೇಜ್ ಹೀಗೆ ಬರೆದು ಇಂಗ್ಲಿಷಿಗೆ ಮಾಡಿಕೊಳ್ಳಿ:

'ತಾರೀಕು ಇಂಥದ್ದು, ಬೆಳಗ್ಗೆ 8ಕ್ಕೆ ಪ್ರಾಗ್‌ನ ಇಂಥ ಹೋಟೆಲ್‌ನಿಂದ ವಿಯೆನ್ನಾದ ಇಂಥ ಹೋಟೆಲ್‌ಗೆ. ದೊಡ್ಡವರು ನಾಲ್ಕು, ಮಕ್ಕಳು ಎರಡು, ಎತ್ತರ ಮತ್ತು ತೂಕ ಇಷ್ಟಿಷ್ಟು. ಸೂಟ್‌ಕೇಸ್ ದೊಡ್ಡವು 4, ಚಿಕ್ಕವು 4, ಫೋಟೋ ಜೊತೆಗಿದೆ. ಉದ್ದದ ವ್ಯಾನ್ ಬೇಕು. ಚೆಸ್ಕಿ ಕ್ರುಮ್ಲೋವ್‌ನಲ್ಲಿ ಮೂರೂವರೆ ಗಂಟೆ ನಿಲ್ಲಬೇಕು, ದಾರಿಯಲ್ಲಿ ಎರಡು ಸಲ ಹದಿನೈದು ನಿಮಿಷ. ಒಬ್ಬರಿಗೆ ಮಂಡಿ ನೋವು, ಹತ್ತಿರದ ಪಾರ್ಕಿಂಗ್‌ನಲ್ಲಿ ಇಳಿಸಬೇಕು. ರೇಟ್‌ನಲ್ಲಿ ವಿನ್ಯೆಟ್, ಪಾರ್ಕಿಂಗ್, ಕಾಯುವ ಸಮಯ, ಎರಡು ಮಕ್ಕಳ ಸೀಟ್, ಡ್ರೈವರ್ ವಾಪಸ್ ಹೋಗುವ ಖರ್ಚು ಎಲ್ಲ ಸೇರಿದೆಯೇ? ಡ್ರೈವರ್‌ಗೆ ಇಂಗ್ಲಿಷ್ ಬರುತ್ತದೆಯೇ? ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್? ಕಂಪನಿಯ ಬಿಲ್ ಕೊಡುತ್ತೀರಾ?'

ಮೂವರಿಗೂ ಇದನ್ನೇ ಕಳಿಸಿ. ಪೂರ್ತಿ ಉತ್ತರ ಬಂದ ಮೇಲೆ ರೇಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊರಡುವ ಹಿಂದಿನ ಸಂಜೆ ಡ್ರೈವರ್ ಹೆಸರು, ಫೋನ್ ನಂಬರ್, ಗಾಡಿ ನಂಬರ್ ಕೇಳಿ ತಗೊಳ್ಳಿ. ನಿಮ್ಮ ಹೋಟೆಲ್ ಪ್ರಾಗ್‌ನ ಹಳೇ ಊರಿನ ಒಳಗಿದ್ದರೆ ಬಾಗಿಲವರೆಗೆ ಗಾಡಿ ಬರುತ್ತದಾ, ಇಲ್ಲವಾದರೆ ಎಲ್ಲಿ ನಿಲ್ಲುತ್ತದೆ ಅಂತ ಆಗಲೇ ಕೇಳಿಬಿಡಿ. ದೂರ ಇದ್ದರೆ ಮಾವನವರನ್ನು ಹತ್ತು ನಿಮಿಷ ಮುಂಚೆ ಹೊರಡಿಸಿ.