ಬಲಿಷ್ಠ ಮಿತ್ರದೇಶ ಯುದ್ಧಕ್ಕೆ ಕರೆದರೆ ಹಿಂದೆ ಹೋಗಲೇಬೇಕಾ?

ಚಾಮುಂಡಿಪುರಂ ಹುಡುಗ:

ಮುಂದಿನ ವಾರ ಮೈಸೂರಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ಇದೆ. ವಿಷಯ ಮೇಲಿನದೇ, ನನಗೆ ಸಿಕ್ಕಿರೋದು ‘ಹೋಗಬೇಕಿಲ್ಲ’ ಅನ್ನೋ ಪಕ್ಷ. ಎದುರಿನವರು ಎರಡು ಮಾತು ತೆಗೆಯೋದು ಖಚಿತ. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಹೋಗಲೇಬೇಕು ಅನ್ನೋದು ಒಂದು. ಇವತ್ತು ನಾವು ಹೋಗದಿದ್ದರೆ ನಾಳೆ ನಮ್ಮ ಕಷ್ಟಕ್ಕೆ ಅವರು ಬರಲ್ಲ ಅನ್ನೋದು ಇನ್ನೊಂದು. ಇಸವಿ, ಅಂಕಿ ಸಮೇತ ಉತ್ತರ ಬೇಕು. ಮೊದಲನೇ ಮಹಾಯುದ್ಧದ ಹೊತ್ತಿನ ಹೈಫಾ (ಈಗಿನ ಇಸ್ರೇಲ್‌ನ ಊರು) ಯುದ್ಧದಲ್ಲಿ ಬ್ರಿಟಿಷರ ಪರ ಮೈಸೂರಿನವರು ಹೋರಾಡಿದ್ದನ್ನ ನಾನು ಹೇಳಬಹುದಾ, ಇಲ್ಲ ಅದು ನನಗೇ ತಿರುಗುತ್ತಾ?

ಕುವೆಂಪುನಗರ ರಾಜ್ಯಶಾಸ್ತ್ರ:

ಮೊದಲು ಒಪ್ಪಂದದ ಅಕ್ಷರ ಓದಿ. ಅಮೆರಿಕ, ಕೆನಡಾ, ಯುರೋಪಿನ ದೇಶಗಳ ಸೇನಾ ಕೂಟ ನೇಟೋದ 5ನೇ ವಿಧಿ ಅಂದ್ರೆ ಎಲ್ಲರೂ ‘ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ’ ಅನ್ನೋವರೆಗೆ ಓದಿ ಪುಸ್ತಕ ಮುಚ್ಚುತ್ತಾರೆ. ಅದೇ ವಾಕ್ಯ ಮುಂದುವರಿದು, ಪ್ರತಿ ದೇಶವೂ ತನಗೆ ಅಗತ್ಯ ಅಂತ ಕಂಡ ಕ್ರಮ ತಗೊಳ್ಳಲಿ ಅನ್ನುತ್ತೆ. ಸೇನೆ ಕಳಿಸೋದು ಆ ಕ್ರಮಗಳಲ್ಲಿ ಒಂದು ಮಾತ್ರ. 6ನೇ ವಿಧಿಯಲ್ಲಿ ಗಡಿಯೂ ಇದೆ: ಯುರೋಪ್, ಉತ್ತರ ಅಮೆರಿಕ, ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಅಟ್ಲಾಂಟಿಕ್. ಹಾಗಾಗಿ ವಿಯೆಟ್ನಾಂ ಅದರೊಳಗೆ ಬರಲೇ ಇಲ್ಲ, 1982ರ ಫಾಕ್ಲೆಂಡ್ಸ್ ಕೂಡ ಇಲ್ಲ. 5ನೇ ವಿಧಿಯನ್ನ ಚಲಾಯಿಸಿದ್ದು ಒಂದೇ ಸಲ, ಅಮೆರಿಕದ ಮೇಲೆ ದಾಳಿಯಾದ ಮಾರನೇ ದಿನ, 2001ರ ಸೆಪ್ಟೆಂಬರ್ 12ಕ್ಕೆ. 2003ರ ಇರಾಕ್ ಯುದ್ಧಕ್ಕೆ ಅದು ಅನ್ವಯಿಸಲೇ ಇಲ್ಲ. ಅಲ್ಲಿಗೆ ಹೋದವರೆಲ್ಲ ಹೋಗಬೇಕು ಅಂತ ತಾವೇ ತೀರ್ಮಾನಿಸಿ ಹೋದವರು.

ನಮ್ಮದೂ ಒಂದಿದೆ. 1971ರ ಆಗಸ್ಟ್ 9ರ ಭಾರತ–ಸೋವಿಯತ್ ಒಪ್ಪಂದ. ಅದರ 9ನೇ ವಿಧಿ, ದಾಳಿಯ ಭಯ ಬಂದರೆ ಇಬ್ಬರೂ ತಕ್ಷಣ ಸಮಾಲೋಚನೆ ಮಾಡಬೇಕು ಅನ್ನುತ್ತೆ. ಸೈನ್ಯ ಕೊಡಬೇಕು ಅನ್ನೋ ಮಾತು ಅದರಲ್ಲಿಲ್ಲ.

ಇನ್ನು ‘ಇಲ್ಲ’ ಅಂದವರ ಕತೆ. ಟರ್ಕಿಯನ್ನ ಬಿಡಬೇಡಿ. 2003ರ ಮಾರ್ಚ್ 1ರಂದು ಇರಾಕ್ ಮೇಲೆ ಹೋಗೋಕೆ ಅಮೆರಿಕದ 62 ಸಾವಿರ ಸೈನಿಕರಿಗೆ ದಾರಿ ಕೊಡೋ ನಿರ್ಣಯ ಸಂಸತ್ತಿಗೆ ಬಂತು. ಪರ 264, ವಿರುದ್ಧ 250, ತಟಸ್ಥ 19. ಪರವಾಗಿ ಹೆಚ್ಚು ಮತ ಬಿದ್ದರೂ ನಿರ್ಣಯ ಬಿದ್ದುಹೋಯಿತು, ಯಾಕಂದ್ರೆ ಹಾಜರಿದ್ದ 533 ಜನರ ಅರ್ಧಕ್ಕಿಂತ ಹೆಚ್ಚು, ಅಂದರೆ 267 ಬೇಕಿತ್ತು. ಮೂರು ಮತ ಕಮ್ಮಿ. ಮೆಡಿಟರೇನಿಯನ್‌ನಲ್ಲಿ ಕಾಯ್ತಿದ್ದ 4ನೇ ಪದಾತಿ ಡಿವಿಷನ್ನಿನ ಹಡಗುಗಳು ಸೂಯೆಜ್ ಮೂಲಕ ಕುವೈತ್‌ಗೆ ಸುತ್ತಿಕೊಂಡು ಹೋಗಬೇಕಾಯಿತು. ಟರ್ಕಿಗೆ ನಷ್ಟ ಆಗಲಿಲ್ಲ ಅಂತ ಮಾತ್ರ ಹೇಳಬೇಡಿ, ಮಾತಾಗಿದ್ದ ಸುಮಾರು 600 ಕೋಟಿ ಡಾಲರ್ ನೆರವು ಕೈತಪ್ಪಿತು. ಆದರೆ ನೇಟೋದಿಂದ ಯಾರೂ ಅದನ್ನ ಹೊರಗೆ ಹಾಕಲಿಲ್ಲ. ಅದೇ ತಿಂಗಳು 17ಕ್ಕೆ ಕೆನಡಾ ಕೂಡ ಬರಲ್ಲ ಅಂತು.

ಪಾಂಡವಪುರದ ಕಡೆಯವ:

ತಮ್ಮ, ಎದುರಾಳಿಯ ಗಟ್ಟಿ ವಾದ ಟರ್ಕಿಯಲ್ಲಿಲ್ಲ, ದಕ್ಷಿಣ ಕೊರಿಯಾದಲ್ಲಿದೆ. ಅದನ್ನ ಅವರು ಎತ್ತಿದರೆ ಟರ್ಕಿಯ ಲೆಕ್ಕ ನಿಲ್ಲಲ್ಲ, ಅದಕ್ಕೆ ಮೊದಲೇ ತಿಳಕೋ.

1964ರಿಂದ 73ರವರೆಗೆ ಕೊರಿಯಾ ಸರದಿಯ ಮೇಲೆ 3 ಲಕ್ಷಕ್ಕೂ ಹೆಚ್ಚು ಸೈನಿಕರನ್ನ ವಿಯೆಟ್ನಾಂಗೆ ಕಳಿಸ್ತು. ಸತ್ತವರು ಸುಮಾರು 5 ಸಾವಿರ. ಅವರ ಭಯ ಸುಳ್ಳಲ್ಲ. ಉತ್ತರ ಕೊರಿಯಾದ ಎದುರು ನಿಂತಿದ್ದ ಅಮೆರಿಕದ ಎರಡು ಡಿವಿಷನ್ನುಗಳನ್ನೇ ವಿಯೆಟ್ನಾಂಗೆ ಎತ್ತಿಕೊಂಡು ಹೋದರೆ ಗತಿ ಏನು ಅನ್ನೋದು. 1966ರ ಬ್ರೌನ್ ಜ್ಞಾಪನಪತ್ರದಲ್ಲಿ ಅದಕ್ಕೆ ಪ್ರತಿಯಾಗಿ ಏನು ಕೊಡ್ತೀವಿ ಅಂತ ಅಮೆರಿಕ ಬರೆದುಕೊಟ್ಟಿತು: ಕೊರಿಯಾ ಸೇನೆಗೆ ಹೊಸ ಸಲಕರಣೆ, ವಿಯೆಟ್ನಾಂಗೆ ಹೋಗೋ ಸೈನಿಕರ ಖರ್ಚು, ಕೊರಿಯಾದ ಕಂಪನಿಗಳಿಗೆ ಅಲ್ಲಿನ ಗುತ್ತಿಗೆ. ದುಡ್ಡು ಬಂತು, ಅದು ನಿಜ.

ಆದರೆ ಯಾವ ಭಯಕ್ಕೆ ಹೋದರೋ ಅದೇ ಆಯ್ತು. ಕೊರಿಯಾದ ಹುಡುಗರು ವಿಯೆಟ್ನಾಂನಲ್ಲಿ ಇನ್ನೂ ಸಾಯ್ತಿದ್ದಾಗಲೇ, 1971ರಲ್ಲಿ ಅಮೆರಿಕ ತನ್ನ 7ನೇ ಪದಾತಿ ಡಿವಿಷನ್ನನ್ನ, ಹತ್ತಿರಹತ್ತಿರ 20 ಸಾವಿರ ಜನರನ್ನ, ಕೊರಿಯಾದಿಂದ ವಾಪಸ್ ಕರೆಸ್ತು. ಗುತ್ತಿಗೆ ಕೈಗೆ ಬಂತು, ಕಾವಲು ಬರಲಿಲ್ಲ. ‘ನಾಳೆ ಅವರು ಬರಲ್ಲ’ ಅನ್ನೋರಿಗೆ ಈ ಇಸವಿ ಹೇಳು.

ಅದರ ಜೊತೆಗೆ ನಮ್ಮದನ್ನ ಇಡು. 2003ರಲ್ಲಿ ಅಮೆರಿಕ ಭಾರತವನ್ನ ಇರಾಕಿಗೆ ಒಂದು ಪೂರ್ತಿ ಡಿವಿಷನ್, ಸುಮಾರು 17 ಸಾವಿರ ಸೈನಿಕರನ್ನ ಕೇಳಿತ್ತು. ವಾಜಪೇಯಿ ಸರ್ಕಾರ ಜುಲೈ 14ಕ್ಕೆ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸೋದಿಲ್ಲ ಅಂತ ಹೇಳ್ತು. ಎರಡು ವರ್ಷ ನಾಲ್ಕು ದಿನಕ್ಕೆ, 2005ರ ಜುಲೈ 18ರಂದು, ಅದೇ ಅಮೆರಿಕ ಭಾರತದ ಜೊತೆ ನಾಗರಿಕ ಪರಮಾಣು ಸಹಕಾರದ ಜಂಟಿ ಹೇಳಿಕೆಗೆ ಒಪ್ಪಿಕೊಳ್ತು.

ಅಗ್ರಹಾರದ ಇತಿಹಾಸಪ್ರಿಯ:

ಹೈಫಾ ಹೇಳಿ, ಆದರೆ ಶೌರ್ಯವನ್ನೂ ತೀರ್ಮಾನವನ್ನೂ ಬೇರೆ ಮಾಡಿ ಹೇಳಿ. 1918ರ ಸೆಪ್ಟೆಂಬರ್ 23. ಕೆಳಗೆ ಕಿಶೋನ್ ನದಿಯ ದಡದಲ್ಲಿ ಕುದುರೆ ಕಾಲು ಹೂತುಹೋಗುವ ಮರಳು, ಮೇಲೆ ಕಾರ್ಮೆಲ್ ಬೆಟ್ಟದಲ್ಲಿ ಫಿರಂಗಿ. ಮೈಸೂರು ಲಾನ್ಸರ್ಸ್‌ನ ಒಂದು ತುಕಡಿ ಕಡಿದಾದ ಹಾದಿ ಹತ್ತಿ ಆ ಫಿರಂಗಿಗಳ ಮೇಲೆ ಬಿತ್ತು, ಜೋಧಪುರದವರು ಊರಿನ ಕಡೆ ನುಗ್ಗಿದರು. ಭರ್ಜಿ ಹಿಡಿದು ಮೆಷಿನ್ ಗನ್ನಿನ ಎದುರು ಹೋದವರ ಬಗ್ಗೆ ಒಂದು ಹಗುರ ಮಾತೂ ಬೇಡ.

ಆದರೆ ಆಟೋಮನ್ ತುರ್ಕರಿಗೂ ಮೈಸೂರಿಗೂ ಏನು ಜಗಳ ಇತ್ತು? ಉತ್ತರ 1799ರಲ್ಲಿದೆ. ಶ್ರೀರಂಗಪಟ್ಟಣ ಬಿದ್ದು ಎರಡು ತಿಂಗಳಿಗೆ, ಜುಲೈ 8ರಂದು, ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಸಹಾಯಕ ಸೈನ್ಯದ ಒಪ್ಪಂದ ಆಯಿತು. ಕಂಪನಿಯ ಸೈನ್ಯದ ಖರ್ಚಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ. ಯುದ್ಧ ಬಂದರೆ ಅದರ ಮೇಲೆ ಹೆಚ್ಚುವರಿ. ಆ ಹಣಕ್ಕೆ ಸಂಚಕಾರ ಬಂತು ಅಂತ ಕಂಪನಿಗೆ ಅನ್ನಿಸಿದರೆ ಆಡಳಿತವನ್ನೇ ತಗೊಳ್ಳೋ ಹಕ್ಕು. 1831ರಲ್ಲಿ ಹಾಗೇ ತಗೊಂಡರು, ವಾಪಸ್ ಕೊಟ್ಟಿದ್ದು 1881ಕ್ಕೆ. ಪ್ರಜಾಪ್ರತಿನಿಧಿ ಸಭೆ ಶುರುವಾದದ್ದೂ ಅದೇ ವರ್ಷ. ಆದರೆ ಯುದ್ಧ, ಪರರಾಜ್ಯ ಸಂಬಂಧ ಅದರ ಕೈಗೆ ಬರಲೇ ಇಲ್ಲ.

1914ರಲ್ಲಿ ಮೈಸೂರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟಿತು. ಮಂಡ್ಯ ಕಡೆ ಕೇಳುಗರಿದ್ದರೆ ಇದನ್ನ ಹೀಗೆ ಅಳೆದು ತೋರಿಸಿ: ಮೂರು ವರ್ಷದ ಹಿಂದೆ ಕನ್ನಂಬಾಡಿ ಕಟ್ಟೆಗೆ ಮಂಜೂರಾಗಿದ್ದ ಮೊತ್ತ 81 ಲಕ್ಷ.

ಇದರಿಂದ ನಿಮ್ಮ ವಾದಕ್ಕೆ ಸಿಗೋದು ಏನಂದ್ರೆ, ಮೈಸೂರು ಮಿತ್ರರಾಜ್ಯ ಅಂತ ಕಾಗದದಲ್ಲಿತ್ತು, ಬೇಡ ಅನ್ನೋ ಅಧಿಕಾರ ಅದಕ್ಕಿರಲಿಲ್ಲ. ಆ ಅಧಿಕಾರ ಇದ್ದೂ ಬಳಸದ ದೇಶಕ್ಕೂ ಮೈಸೂರಿಗೂ ವ್ಯತ್ಯಾಸ ಏನು ಅಂತ ಎದುರಿನವರನ್ನೇ ಕೇಳಿ.

ಕುವೆಂಪುನಗರ ರಾಜ್ಯಶಾಸ್ತ್ರ:

ಒಂದು ಸೇರಿಸ್ತೀನಿ. ಹೋಗೋ ತೀರ್ಮಾನ ನಿಮ್ಮದಾದರೂ ಬರೋ ತೀರ್ಮಾನ ನಿಮ್ಮದಾಗಿರಲ್ಲ. 2020ರ ಫೆಬ್ರವರಿ 29ರ ದೋಹಾ ಒಪ್ಪಂದ ನೋಡಿ. 14 ತಿಂಗಳಲ್ಲಿ ಅಮೆರಿಕದವರು ಮಾತ್ರ ಅಲ್ಲ, ಮಿತ್ರದೇಶಗಳ ಸೈನಿಕರೂ ಅಫ್ಘಾನಿಸ್ತಾನ ಬಿಡಬೇಕು ಅಂತ ಅದರಲ್ಲಿದೆ. ಸಹಿ ಹಾಕಿದ್ದು ಅಮೆರಿಕ ಮತ್ತು ತಾಲಿಬಾನ್. 158 ಸೈನಿಕರನ್ನ ಕಳಕೊಂಡ ಕೆನಡಾ, 59 ಜನರನ್ನ ಕಳಕೊಂಡ ಜರ್ಮನಿ ಸಹಿದಾರರಲ್ಲ.

ಜರ್ಮನಿಯಲ್ಲಾದರೂ ಒಂದು ಬೀಗ ಇತ್ತು. 1994ರ ಸಂವಿಧಾನ ನ್ಯಾಯಾಲಯದ ತೀರ್ಪಿನಿಂದಾಗಿ ಸಂಸತ್ತು ಒಪ್ಪದೆ ಸೇನೆ ಹೊರದೇಶದ ಕಾರ್ಯಾಚರಣೆಗೆ ಹೋಗೋ ಹಾಗಿಲ್ಲ. ಎಷ್ಟು ಜನ, ಎಲ್ಲಿ, ಎಷ್ಟು ದಿನ ಅಂತ ಬರೆದೇ ಮತಕ್ಕೆ ಹಾಕಬೇಕು, ಅವಧಿ ಮುಗಿದರೆ ಮತ್ತೆ ಮತ. 2001ರ ನವೆಂಬರ್ 16ರಂದು ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಷ್ರೋಡರ್ ಅಫ್ಘಾನಿಸ್ತಾನದ ಯುದ್ಧಕ್ಕೆ ಸೇನೆ ಕಳಿಸೋಕೆ ತಮ್ಮ ಕುರ್ಚಿಯನ್ನೇ ಪಣಕ್ಕಿಟ್ಟು ಪಡೆದದ್ದು 336 ಮತ, ಬೇಕಿದ್ದದ್ದು 334.

ಚಾಮುಂಡಿಪುರಂ ಹುಡುಗ:

ತುಂಬಾ ಉಪಕಾರ ಸಾರ್. ನನಗಿರೋದು ಐದೇ ನಿಮಿಷ. ಯಾವುದು ಬಿಡಲಿ?

ಪಾಂಡವಪುರದ ಕಡೆಯವ:

ಜರ್ಮನಿ ಬಿಡು. 5ನೇ ವಿಧಿಯ ಪೂರ್ತಿ ವಾಕ್ಯ ಒಂದು ನಿಮಿಷ, ಕೊರಿಯಾ–1971 ಮತ್ತು ಭಾರತ–2003 ಒಟ್ಟಿಗೆ ಎರಡು ನಿಮಿಷ, ಉಳಿದದ್ದು ಪೂರ್ತಿ 1799ಕ್ಕೆ. ಟರ್ಕಿಯ ಮೂರು ಮತವನ್ನ ಪ್ರಶ್ನೋತ್ತರಕ್ಕೆ ಇಟ್ಕೋ, ಅವರು ಅದನ್ನ ಕೇಳೇ ಕೇಳ್ತಾರೆ.