ಟ್ರೈಪೆಡೇಲಿಯ ಸಿಸ್ಟೊಫೊರ: ಕರಬಳ್ಳಿಗಳ ಎಣಿಕೆಗೆ ವರ್ಗೀಕರಣದಲ್ಲಿ ಎಷ್ಟು ಬೆಲೆ?

ಪ್ರಶ್ನೆ: ಅಲೆಗಾರ

ಅಕಶೇರುಕಗಳ ಬಗ್ಗೆ ಸ್ವಂತ ಆಸಕ್ತಿಯಿಂದ ಓದುತ್ತಿರುವ ನನಗೆ ಟ್ರೈಪೆಡೇಲಿಯ ಸಿಸ್ಟೊಫೊರ ಎಂಬ ಪುಟ್ಟ ಪೆಟ್ಟಿಗೆ ಲೋಳೆಮೀನಿನ ವಿಷಯದಲ್ಲಿ ಎರಡು ಗೊಂದಲಗಳಿವೆ. ಮೊದಲನೆಯದು, ನನ್ನಲ್ಲಿರುವ ಹಳೆಯ ಪಠ್ಯವೊಂದು ಇದನ್ನು ಸೈಫೊಜೋವ ವರ್ಗದಲ್ಲಿ ಸೇರಿಸುತ್ತದೆ; ಈಚಿನ ಬರಹಗಳೆಲ್ಲ ಕ್ಯೂಬೊಜೋವ ಎಂಬ ಪ್ರತ್ಯೇಕ ವರ್ಗವನ್ನೇ ಹೇಳುತ್ತವೆ. ಎರಡನೆಯದು ಇದಕ್ಕಿಂತ ತೊಡಕಿನದು. ಈ ಪ್ರಭೇದದ ಕೊಡೆಯ, ಅಂದರೆ ಕೊಡೆಯಂಥ ದೇಹದ, ನಾಲ್ಕು ಮೂಲೆಗಳಲ್ಲಿ ತಲಾ ಮೂರರಂತೆ ಒಟ್ಟು 12 ಕರಬಳ್ಳಿಗಳಿವೆ. ಇದರ ಕುಟುಂಬಕ್ಕೇ ಸೇರಿದ ಕೊಪ್ಯುಲ ಸಿವಿಕಿಸಿಗೆ ಇರುವುದು ಮೂಲೆಗೊಂದರಂತೆ ನಾಲ್ಕು ಮಾತ್ರ. ಮೂಲೆಯೊಂದರಲ್ಲಿ ಹಲವು ಕರಬಳ್ಳಿಗಳಿರುವುದು ಕೈರೊಡ್ರಾಪಿಡ ಗಣದ ಲಕ್ಷಣವೆಂದು ಓದಿದ್ದೇನೆ. ಹಾಗಿದ್ದ ಮೇಲೆ 12 ಕರಬಳ್ಳಿಗಳ ಈ ಜೀವಿಯನ್ನು ಆ ಗಣದಲ್ಲಿ ಇಡದೆ ಕ್ಯಾರಿಬ್ಡೈಡ ಗಣದಲ್ಲಿ, ಅದೂ ನಾಲ್ಕೇ ಕರಬಳ್ಳಿಗಳಿರುವ ಜೀವಿಯ ಪಕ್ಕದಲ್ಲಿ ಇಟ್ಟಿರುವುದು ಏಕೆ?

ಉತ್ತರ: ಸೂಕ್ಷ್ಮದರ್ಶಿ

ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಈ ಜೀವಿಯ ಹೆಸರಿನಲ್ಲಿಯೇ ಇದೆ. ಪೆಟ್ಟಿಗೆ ಲೋಳೆಮೀನುಗಳ ಕರಬಳ್ಳಿಯು ಕೊಡೆಯ ಅಂಚಿನಿಂದ ನೇರವಾಗಿ ಹೊರಡುವುದಿಲ್ಲ. ದೋಣಿಯ ಹುಟ್ಟಿನ ಅಲಗನ್ನು ಹೋಲುವ, ಲೋಳೆಯಂಥ ಚಪ್ಪಟೆ ಬುಡವೊಂದರ ತುದಿಯಿಂದ ಹೊರಡುತ್ತದೆ. ಈ ಬುಡವೇ ಪೆಡೇಲಿಯಂ; ‘ಟ್ರೈ’ ಎಂದರೆ ಮೂರು. ಕೈರೊಡ್ರಾಪಿಡಗಳಲ್ಲಿ ಮೂಲೆಗೆ ಒಂದೇ ಪೆಡೇಲಿಯಂ ಇದ್ದು, ಅದು ಅಂಗೈಯಿಂದ ಬೆರಳುಗಳು ಒಡೆದಂತೆ ಕವಲೊಡೆದು ಹಲವು ಕರಬಳ್ಳಿಗಳನ್ನು ಹೊರುತ್ತದೆ. ಆಸ್ಟ್ರೇಲಿಯದ ಕಡಲಿನ ಕೈರೊನೆಕ್ಸ್ ಫ್ಲೆಕೆರಿಯಲ್ಲಿ ಹೀಗೆ ಮೂಲೆಯೊಂದಕ್ಕೆ 15ರವರೆಗೂ ಕರಬಳ್ಳಿಗಳಿರುತ್ತವೆ. ಟ್ರೈಪೆಡೇಲಿಯದಲ್ಲಿ ಕವಲಿನ ಮಾತೇ ಇಲ್ಲ. ಪ್ರತಿ ಮೂಲೆಯಲ್ಲಿ ಮೂರು ಬೇರೆ ಬೇರೆ ಪೆಡೇಲಿಯಂಗಳು ಒತ್ತಾಗಿ ನಿಂತಿದ್ದು, ಒಂದೊಂದೂ ಒಂದೊಂದೇ ಕರಬಳ್ಳಿಯನ್ನು ಹೊರುತ್ತದೆ. ಕರಬಳ್ಳಿಗಳನ್ನಷ್ಟೇ ಎಣಿಸುವವರಿಗೆ ಎರಡೂ ಒಂದೇ ಬಗೆಯವಾಗಿ ಕಾಣುತ್ತವೆ. ಬುಡವನ್ನು ನೋಡುವವರಿಗೆ ಇವೆರಡೂ ಸಂಬಂಧವೇ ಇಲ್ಲದ ರಚನೆಗಳೆಂಬುದು ತಿಳಿಯುತ್ತದೆ. ಒಂದು ಪೆಡೇಲಿಯಂಗೆ ಒಂದೇ ಕರಬಳ್ಳಿ ಎಂಬ ನಿಯಮದಲ್ಲಿ ಟ್ರೈಪೆಡೇಲಿಯವೂ ಕೊಪ್ಯುಲವೂ ಒಂದೇ ಕಡೆ ನಿಲ್ಲುತ್ತವೆ.

ಎಣಿಕೆಯನ್ನು ನಂಬಿದರೆ ಟ್ರೈಪೆಡೇಲಿಯ ಜಾತಿಯೊಳಗೇ ತೊಂದರೆಯಾಗುತ್ತದೆ. 1988ರಲ್ಲಿ ಆಸ್ಟ್ರೇಲಿಯದಿಂದ ವರ್ಣಿಸಲಾದ ಟ್ರೈಪೆಡೇಲಿಯ ಬೈನೇಟಕ್ಕೆ ಮೂಲೆಗೆ ಎರಡೇ ಪೆಡೇಲಿಯಂಗಳು. ಮೂರನ್ನು ಹೆಸರಿನಲ್ಲೇ ಹೊತ್ತ ಜಾತಿಯಲ್ಲಿ ಎರಡರದ್ದೊಂದು ಬಂದು ಕುಳಿತಿದೆ! ಇಂದು ಟ್ರೈಪೆಡೇಲಿಡೆ ಕುಟುಂಬವನ್ನು ಒಂದಾಗಿ ಹಿಡಿದಿರುವುದು ಸಂತಾನೋತ್ಪತ್ತಿಯ ಅಂಗಗಳು ಮತ್ತು ಅದರ ಕ್ರಮ. ಇಲ್ಲಿ ಗಂಡು ಹೆಣ್ಣುಗಳ ಜನನಗ್ರಂಥಿಗಳ ರೂಪವೇ ಬೇರೆ ಬೇರೆ. ಗಂಡು ವೀರ್ಯಾಣುಗಳನ್ನು ನೀರಿಗೆ ಸುಮ್ಮನೆ ಚೆಲ್ಲದೆ ಗಂಟುಕಟ್ಟಿ ಹೆಣ್ಣಿಗೆ ದಾಟಿಸುತ್ತದೆ. ಗರ್ಭಧಾರಣೆ ಹೆಣ್ಣಿನ ದೇಹದೊಳಗೆ ನಡೆಯುತ್ತದೆ. ಟ್ರೈಪೆಡೇಲಿಯ ಸಿಸ್ಟೊಫೊರದ ಹೆಣ್ಣು ಭ್ರೂಣಗಳನ್ನು ಜಠರದ ಪೊಳ್ಳಿನಲ್ಲಿಯೇ ಉಳಿಸಿಕೊಂಡು, ಅವು ಈಜಬಲ್ಲ ಪ್ಲಾನ್ಯುಲ ಮರಿಗಳಾದ ಮೇಲೆ ಹೊರಬಿಡುತ್ತದೆ. ಕೊಪ್ಯುಲದ ಹೆಣ್ಣು ಭ್ರೂಣಗಳನ್ನು ಲೋಳೆಯ ಎಳೆಯೊಂದರಲ್ಲಿ ಹೊಂದಿಸಿ ಹೊರಹಾಕುತ್ತದೆ. ಕೊಪ್ಯುಲ ಬಹುಕಾಲ ಕ್ಯಾರಿಬ್ಡಿಯ ಜಾತಿಯಲ್ಲಿತ್ತು. ಕರಬಳ್ಳಿ ನಾಲ್ಕೇ ಇದ್ದುದರಿಂದ ಹಿಂದಿನವರು ಅದನ್ನು ಅಲ್ಲಿಟ್ಟದ್ದು ಸಹಜವೇ ಆಗಿತ್ತು ಎಂದು ನನಗೆ ತೋರುತ್ತದೆ. ತಪ್ಪಿದ್ದು ಅವರ ಕಣ್ಣಲ್ಲ, ಅವರು ಆರಿಸಿಕೊಂಡ ಲಕ್ಷಣ.

ಉತ್ತರ: ಹಳೆಯ ಓದುಗ

ವರ್ಗದ ವಿಷಯವನ್ನು ನಾನು ಸೇರಿಸುತ್ತೇನೆ. ನಿಮ್ಮ ಪಠ್ಯ ಹಳೆಯದಾಗಿದೆಯೇ ಹೊರತು ಅದರ ಕಾಲಕ್ಕೆ ಅದು ತಪ್ಪಾಗಿರಲಿಲ್ಲ. ಫ್ರಾಂಕ್ಲಿನ್ ಸ್ಟೋರಿ ಕೊನಾಂಟ್ ಜಮೈಕಾದ ಕಿಂಗ್‌ಸ್ಟನ್ ಬಂದರಿನ ನೀರಿನಿಂದ ಸಂಗ್ರಹಿಸಿದ ಮಾದರಿಗಳನ್ನು ಆಧರಿಸಿ 1897ರಲ್ಲಿ ಈ ಪ್ರಭೇದವನ್ನು ವರ್ಣಿಸಿದಾಗ, ಕ್ಯೂಬೊಮೆಡ್ಯೂಸೆ (ಪೆಟ್ಟಿಗೆ ಲೋಳೆಮೀನುಗಳ ಗುಂಪು) ಎಂಬುದು ಸೈಫೊಜೋವಗಳೊಳಗಿನ ಒಂದು ಗಣವಷ್ಟೇ ಆಗಿತ್ತು. ಕೊನಾಂಟ್ ಅದೇ ವರ್ಷ ಹಳದಿ ಜ್ವರದಿಂದ ತೀರಿಕೊಂಡರು. ಅವರ ವಿಸ್ತಾರವಾದ ಅಧ್ಯಯನ ಅಚ್ಚಾದದ್ದು 1898ರಲ್ಲಿ, ಮರಣಾನಂತರ.

ಬದಲಾವಣೆಗೆ ಕಾರಣವಾದದ್ದೂ ಇದೇ ಪ್ರಭೇದವೆಂಬುದು ಗಮನಿಸಬೇಕಾದ ಸಂಗತಿ. ಸೈಫೊಜೋವಗಳ ಪಾಲಿಪ್ (ತಳಕ್ಕೆ ಅಂಟಿಕೊಂಡು ಬದುಕುವ ಎಳೆಯ ಹಂತ) ಅಡ್ಡಡ್ಡಲಾಗಿ ಸೀಳಿಕೊಂಡು, ತಟ್ಟೆಗಳನ್ನು ಕಳಚಿದಂತೆ ಎಳೆಯ ಲೋಳೆಮೀನುಗಳನ್ನು ಬಿಡುತ್ತದೆ. ಪಾಲಿಪ್ ಮಾತ್ರ ಉಳಿದಿರುತ್ತದೆ. ವರ್ನರ್, ಕಟ್ರೆಸ್ ಮತ್ತು ಸ್ಟುಡೆಬೇಕರ್ 1971ರಲ್ಲಿ ಪ್ರಕಟಿಸಿದ ಜೀವನಚಕ್ರದ ಪ್ರಕಾರ, ಟ್ರೈಪೆಡೇಲಿಯದ ಪಾಲಿಪ್ ಸೀಳುವುದೇ ಇಲ್ಲ. ಗೊದಮೊಟ್ಟೆ ಕಪ್ಪೆಯಾಗುವಂತೆ ಇಡೀ ಪಾಲಿಪ್ಪೇ ಒಂದು ಲೋಳೆಮೀನಾಗಿ ರೂಪಾಂತರಗೊಂಡು ಈಜಿಹೋಗುತ್ತದೆ. ಇದನ್ನು ಆಧರಿಸಿ ವರ್ನರ್ 1973ರಲ್ಲಿ ಕ್ಯೂಬೊಜೋವವನ್ನು ನಿಡೇರಿಯ (ಕುಟುಕುಕಣಗಳುಳ್ಳ ಜೀವಿಗಳ) ವಂಶದ ಸ್ವತಂತ್ರ ವರ್ಗವನ್ನಾಗಿಸಿದರು. ಆದರೂ ಈ ಒಂದು ಪ್ರಭೇದದ ನಡೆಯನ್ನು ಇಡೀ ವರ್ಗಕ್ಕೆ ಅನ್ವಯಿಸುವುದು ಸರಿಯಲ್ಲ: ಕ್ಯಾರಿಬ್ಡಿಯ ಮಾರ್ಸುಪಿಯಾಲಿಸ್‌ನಲ್ಲಿ ರೂಪಾಂತರದ ಬಳಿಕ ತುಸು ಅಂಗಾಂಶ ಹಿಂದೆ ಉಳಿದು ಮತ್ತೆ ಪಾಲಿಪ್ಪಾಗಿ ಬೆಳೆಯಬಲ್ಲದು.

ಮರುಪ್ರಶ್ನೆ: ಅಲೆಗಾರ

ಇಬ್ಬರಿಗೂ ಧನ್ಯವಾದಗಳು. ಪೆಡೇಲಿಯಂ ಒಂದೇ ಇದ್ದು ಅದರಲ್ಲಿ ಮೂರು ಕರಬಳ್ಳಿಗಳಿವೆಯೆಂದೇ ನಾನು ಭಾವಿಸಿದ್ದೆ. ಈಗ ಇನ್ನೊಂದು ಸಂದೇಹ: ಕೊಡೆ ಸುಮಾರು ಒಂದು ಸೆಂಟಿಮೀಟರ್ ಎತ್ತರದ ಈ ಜೀವಿಗೆ 24 ಕಣ್ಣುಗಳಿವೆಯೆನ್ನುತ್ತಾರೆ. ಮಿದುಳೇ ಇಲ್ಲದ ದೇಹದಲ್ಲಿ ಅಷ್ಟು ಕಣ್ಣುಗಳು ಎಲ್ಲಿವೆ, ಅವುಗಳಿಂದ ಆಗುವ ಕೆಲಸವೇನು?

ಉತ್ತರ: ಕಡಲಕಣ್ಣು

ಎಲ್ಲಿವೆ ಎಂಬುದನ್ನು ತಿಳಿಯಲು ಕೊಡೆಯ ಮೂಲೆಗಳನ್ನು ಬಿಟ್ಟು, ಅದರ ನಾಲ್ಕು ಚಪ್ಪಟೆ ಮುಖಗಳನ್ನು ನೋಡಬೇಕು. ಪ್ರತಿ ಮುಖದ ಕೆಳಭಾಗದಲ್ಲಿ, ಅಂಚಿನಿಂದ ಸ್ವಲ್ಪ ಮೇಲೆ, ಒಂದು ಗೂಡಿದೆ. ಅದರೊಳಗೆ ಬಳುಕುವ ತೊಟ್ಟಿನಿಂದ ರೋಪೇಲಿಯಂ ಎಂಬ ಸಂವೇದನಾಂಗ ತೂಗುತ್ತಿರುತ್ತದೆ. ಒಂದೊಂದು ರೋಪೇಲಿಯಂನಲ್ಲಿ ಆರು ಕಣ್ಣುಗಳು: ಮಸೂರವುಳ್ಳ ಮೇಲ್ಗಣ್ಣು ಒಂದು, ಮಸೂರವುಳ್ಳ ಕೆಳಗಣ್ಣು ಒಂದು, ಕುಳಿಯಂಥ ಸರಳ ಕಣ್ಣುಗಳು ಒಂದು ಜೊತೆ, ಸೀಳಿನಂಥವು ಇನ್ನೊಂದು ಜೊತೆ. ರೋಪೇಲಿಯಂನ ತುದಿಯಲ್ಲಿ ಕ್ಯಾಲ್ಸಿಯಂ ಸಲ್ಫೇಟಿನ ಭಾರವಾದ ಹರಳೊಂದಿದ್ದು, ತೂಗುಬಟ್ಟಿನಂತೆ ಅದು ಸದಾ ಕೆಳಗೇ ಇರುತ್ತದೆ. ಹೀಗಾಗಿ ಲೋಳೆಮೀನು ಹೇಗೆ ಹೊರಳಿದರೂ ಮೇಲ್ಗಣ್ಣಿನ ದೃಷ್ಟಿ ನೀರಿನ ಮೇಲ್ಮೈಯತ್ತಲೇ ಇರುತ್ತದೆ. ಕೆಳಗಣ್ಣು ಪಾರದರ್ಶಕವಾದ ತನ್ನದೇ ಕೊಡೆಯ ಮೂಲಕ ಎದುರು ಬದಿಯ ಆಚೆಗೆ ನೋಡುತ್ತದೆ. ಹಿಗ್ಗಿ ಕುಗ್ಗುವ ಪಾಪೆ ಇರುವುದು ಇದಕ್ಕೆ ಮಾತ್ರ.

ಮಸೂರಗಳು ಉತ್ತಮವಾಗಿದ್ದರೂ ಬಿಂಬವು ಅಕ್ಷಿಪಟಲದ ಮೇಲೆ ಬೀಳದೆ ಅದರ ಹಿಂದೆ ಬೀಳುವುದರಿಂದ ನೋಟ ಮಸುಕಾಗಿರುತ್ತದೆ. ಇದನ್ನು ದೋಷವೆನ್ನುವುದಕ್ಕಿಂತ ಸೋಸುವಿಕೆ ಎನ್ನುವುದೇ ಮೇಲು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬೇರುಗಳ ನಡುವೆ ಬದುಕುವ ಈ ಜೀವಿಗೆ ತೇಲುವ ಕಸಕಡ್ಡಿ ಕಾಣಬೇಕಾಗಿಲ್ಲ. ಬೇರಿನ ದಪ್ಪ ನೆರಳು ಕಂಡರೆ ಸಾಕು. ಇದರ ಆಹಾರವಾದ ಕೋಪೆಪಾಡ್ ಎಂಬ ಅತಿ ಸಣ್ಣ ಜಲಚರಗಳು ಎಲೆಗಳ ಸಂದಿನಿಂದ ನೀರಿಗಿಳಿಯುವ ಬಿಸಿಲುಕೋಲುಗಳಲ್ಲಿ ದಟ್ಟವಾಗಿ ಗುಂಪುಗೂಡುತ್ತವೆ. ಲೋಳೆಮೀನು ಬೇಟೆಯನ್ನು ಕಾಣುವುದಿಲ್ಲ, ಬಿಸಿಲುಕೋಲನ್ನು ಕಂಡು ಅದರೊಳಗೆ ಉಳಿಯುತ್ತದೆ, ಕರಬಳ್ಳಿಗಳಿಗೆ ತಾಗಿದ್ದನ್ನು ಕುಟುಕುಕಣಗಳು ಹಿಡಿಯುತ್ತವೆ. ಕಾಡಿನ ಅಂಚಿನಿಂದ ಆಚೆ ಸರಿದುಹೋದರೆ, ನೀರಿನೊಳಗಿನಿಂದಲೇ ಮೇಲ್ಗಣ್ಣು ಮರಗಳ ಹಂದರವನ್ನು ಸುಮಾರು 8 ಮೀಟರ್ ದೂರದವರೆಗೂ ಗುರುತಿಸಿ ಹಿಂದಿರುಗುವ ದಿಕ್ಕು ಕೊಡುತ್ತದೆಯೆಂದು 2011ರ ಪ್ರಯೋಗಗಳು ತೋರಿಸಿದವು.

ಮಿದುಳಿಲ್ಲ ಎಂಬುದು ನಿಜ, ನರವ್ಯೂಹವಿಲ್ಲ ಎಂದಲ್ಲ. ಪ್ರತಿ ರೋಪೇಲಿಯಂನಲ್ಲಿ ಸುಮಾರು ಒಂದು ಸಾವಿರ ನರಕೋಶಗಳಿದ್ದು, ಕೊಡೆಯ ಮಿಡಿತಕ್ಕೆ ತಾಳ ಹಾಕುವ ಕೋಶಗಳೂ ಅಲ್ಲಿಯೇ ಇವೆ. ನಾಲ್ಕನ್ನೂ ಒಂದು ನರದ ಉಂಗುರ ಬೆಸೆಯುತ್ತದೆ. ಬೇರಿನಂತೆ ತೋರುವ ಪಟ್ಟಿಗಳಿಗೆ ಮತ್ತೆ ಮತ್ತೆ ಡಿಕ್ಕಿ ಹೊಡೆದ ಲೋಳೆಮೀನುಗಳು ಕೆಲವೇ ನಿಮಿಷಗಳಲ್ಲಿ ಅವುಗಳಿಂದ ದೂರವಿರಲು ಕಲಿತದ್ದು 2023ರಲ್ಲಿ ವರದಿಯಾಯಿತು.

ಉತ್ತರ: ಸೂಕ್ಷ್ಮದರ್ಶಿ

ಗುರುತಿಸುವಿಕೆಯ ಬಗ್ಗೆ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕಿತ್ತು. ಮೂಲೆಗೆ ಮೂರು ಪೆಡೇಲಿಯಂಗಳು ಕಂಡ ಮಾತ್ರಕ್ಕೆ ಸಿಸ್ಟೊಫೊರ ಎಂದು ಬರೆದುಬಿಡುವಂತಿಲ್ಲ. ಹಾಂಗ್‌ಕಾಂಗ್‌ನ ಮೈ ಪೊ ಸಂರಕ್ಷಿತ ಪ್ರದೇಶದ ಚೌಳುನೀರಿನ ಸಿಗಡಿ ಕೊಳದಿಂದ 2023ರಲ್ಲಿ ಟ್ರೈಪೆಡೇಲಿಯ ಮೈಪೊಎನ್ಸಿಸ್ ಎಂಬ ಪ್ರಭೇದ ವರ್ಣಿತವಾಯಿತು. ಅದಕ್ಕೂ ಮೂಲೆಗೆ ಮೂರು ಕರಬಳ್ಳಿಗಳು, ಅದಕ್ಕೂ 24 ಕಣ್ಣುಗಳು; ಗಾತ್ರ ಸರಾಸರಿ ಒಂದೂವರೆ ಸೆಂಟಿಮೀಟರ್. ವ್ಯತ್ಯಾಸ ಸಿಕ್ಕಿದ್ದು ಡಿಎನ್‌ಎ ಅನುಕ್ರಮದಲ್ಲಿ ಮತ್ತು ವೆಲೇರಿಯಂನ ನಾಳಗಳಲ್ಲಿ. ಕೊಡೆಯ ಬಾಯಿಯನ್ನು ಕಿರಿದುಮಾಡಿ ನೀರನ್ನು ರಭಸದಿಂದ ಹೊರಚಿಮ್ಮಿಸಲು ನೆರವಾಗುವ ತೆಳುಪೊರೆಯೇ ವೆಲೇರಿಯಂ. ಅದರೊಳಗೆ ಹರಡುವ ನಾಳಗಳು ಎಷ್ಟು, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದುಕೊಳ್ಳಬೇಕು. ಕರಬಳ್ಳಿಗಳನ್ನು ಮಾತ್ರ ಎಣಿಸಿ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕರಾವಳಿಗಳಿಂದ ಸಿಸ್ಟೊಫೊರವೆಂದು ದಾಖಲಿಸಿದ ಮಾದರಿಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ನಿಮ್ಮ ಬಳಿ ಚಿತ್ರಗಳಿದ್ದರೆ, ಕೊಡೆಯನ್ನು ಕೆಳಗಿನಿಂದ ತೆಗೆದದ್ದನ್ನು ಇಲ್ಲಿ ಹಾಕಿ. ಪಕ್ಕದಿಂದ ತೆಗೆದದ್ದರಲ್ಲಿ ಆ ನಾಳಗಳು ತಿಳಿಯುವುದಿಲ್ಲ.