ಕಡಲಬದಿಯ ಬರೆಯಲ್ಲಿ ಕೊರಕಲು: ಅಲೆಯಿಂದಲೋ, ಒಳನೀರಿನಿಂದಲೋ?

ಪಡುಕರೆ:
ಮಾನ್ಯರೇ, ಕಾಸರಗೋಡಿನ ಬೇಕಲದ ಆಸುಪಾಸಿನಲ್ಲಿ ಕಡಲಿಗೆ ಮುಖಮಾಡಿರುವ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬರೆಯಲ್ಲಿ, ಎಂದರೆ ಕಡಿದಾದ ದಂಡೆಯಲ್ಲಿ, ಈ ಮಳೆಗಾಲದಲ್ಲಿ ದೊಡ್ಡ ಕೊರಕಲು ಬಿದ್ದಿದೆ. ಬುಡಕ್ಕೆ ಕರಿಕಲ್ಲಿನ ತಡೆಗೋಡೆ ಕಟ್ಟಿದರೆ ಸಾಕೆನ್ನುತ್ತಾರೆ. ಆದರೆ ಅಲೆ ತಲುಪದ ಎತ್ತರದಲ್ಲಿಯೂ ಮಣ್ಣು ಜರಿಯುತ್ತಿರುವುದೇಕೆ? ನ್ಯೂಜಿಲೆಂಡಿನ ಜಲ್ಲಿಬರೆಗಳಲ್ಲಿಯೂ ಹೀಗಾಗುತ್ತದೆಂದು ಓದಿದ್ದೇನೆ. ಕಾರಣ ಒಂದೆಯೇ?

ಕೆಂಪುಗುಡ್ಡೆ:
ನೆಲ ಬೇರೆ, ಆದರೆ ಎರಡೂ ಕಡೆ ಒಳನೀರಿನ ಪಾತ್ರ ದೊಡ್ಡದು. ನ್ಯೂಜಿಲೆಂಡಿನ ಕ್ಯಾಂಟರ್ಬರಿ ಕರಾವಳಿಯ ಬರೆಗಳು ಹಿಂದೆ ನದಿಗಳು ತಂದು ಹರಡಿದ ಜಲ್ಲಿ ಮತ್ತು ಮರಳಿನ ಪದರಗಳಿಂದಾಗಿವೆ. ಇಂಗಿದ ಮಳೆನೀರು ತನಗೆ ಸುಲಭವಾದ ಪದರವನ್ನು ಹಿಡಿದು ಬರೆಯ ಮುಖದಲ್ಲಿ ಒಸರುವಾಗ ಸಡಿಲ ಮರಳನ್ನು ಮೊದಲು ಒಯ್ಯುತ್ತದೆ. ಅಲ್ಲಿ ಪೊಟರೆಯಾಗಿ, ಅದು ಒಳಕ್ಕೆ ಬಿಲವಾಗಿ ಬೆಳೆದು, ಆಧಾರ ತಪ್ಪಿದ ಮೇಲಿನ ಜಲ್ಲಿ ಕುಸಿಯುತ್ತದೆ. ಹೀಗಾಗಿ ಅಲ್ಲಿನ ಕೊರಕಲುಗಳು ವರ್ಷವಿಡೀ ಒಂದೇ ಸಮನೆ ಬೆಳೆಯುವುದಿಲ್ಲ. ದಿನಕ್ಕೆ 40 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿದಾಗ, ಒಂದೇ ದಿನದಲ್ಲಿ 30 ಮೀಟರಿನವರೆಗೂ ಹಿಂದಕ್ಕೆ ಕೊರೆದದ್ದು ದಾಖಲಾಗಿದೆ. ಆ 40ರ ಲೆಕ್ಕವನ್ನು ನಮ್ಮಲ್ಲಿಗೆ ಅನ್ವಯಿಸಬಾರದು. ಆಟಿಯಲ್ಲಿ (ಜುಲೈ-ಆಗಸ್ಟ್ ಸುಮಾರಿನ ತುಳು ತಿಂಗಳು) ನಮಗೆ ಅದು ಸಾಧಾರಣ ಮಳೆ.

ನಮ್ಮಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅಡಿಯಲ್ಲಿ ಶೇಡಿಮಣ್ಣು ಎಂಬ ಮೆದುವಾದ ಜೇಡಿ. ಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯ ಮೇಲೆ ತಡೆದು ಅಡ್ಡಕ್ಕೆ ಹರಿಯುತ್ತದೆ (ಹಿರಿಯರು ಸುರಂಗ ಕೊರೆದು ಮನೆಗೆ ತಂದದ್ದೂ ಗುಡ್ಡದೊಳಗಿನ ಇಂಥ ಒಸರನ್ನೇ). ಶೇಡಿ ತೊಳೆದುಹೋದಂತೆ ಮೇಲಿನ ಕಲ್ಲು ಬಂಡೆಬಂಡೆಯಾಗಿ ಕಳಚುತ್ತದೆ. ತಡೆಗೋಡೆಯೊಂದರಿಂದ ಇದು ನಿಲ್ಲದು.

ತೆಂಗಿನತೋಟ:
ಅಲೆಯ ಪಾತ್ರವನ್ನು ಅಲ್ಲಗಳೆಯಬಾರದು. ಬಿದ್ದ ಮಣ್ಣನ್ನು ಅಲೆ ಒಯ್ಯದಿದ್ದರೆ ಅದು ಬುಡದಲ್ಲಿ ರಾಶಿಯಾಗಿ ಬರೆಗೆ ಒತ್ತಾಸೆಯಾಗುತ್ತಿತ್ತು. ಇನ್ನೊಂದು ಮಾತು: ಅಲೆಯು ಬರೆಯನ್ನು ಹಿಂದಕ್ಕೆ ಕಡಿಯುವ ವೇಗ ಹೆಚ್ಚಾದರೆ ಕೊರಕಲು ಬಾಯಿಯ ಕಡೆಯಿಂದ ಗಿಡ್ಡವಾಗುತ್ತ ಅಳಿಸಿಹೋಗುತ್ತದೆ. ತಮ್ಮಲ್ಲಿ ಅದು ಉದ್ದವಾಗುತ್ತಿದ್ದರೆ ಒಳಗಿನಿಂದ ಬರುವ ನೀರೇ ಮುಂದಿದೆ ಎಂದರ್ಥ. ಬರೆಯ ತಲೆಯ ಮೇಲೆ ಇಂಗುಗುಂಡಿ ಇದೆಯೇ?

ಪಡುಕರೆ:
ಇದೆ. ಬಾವಿಗೆ ನೀರಾಗಲೆಂದು ತೋಡಿದ್ದು. ಅಂಗಳದ ನೀರೆಲ್ಲ ಅದಕ್ಕೇ ಹೋಗುತ್ತದೆ.

ಕೆಂಪುಗುಡ್ಡೆ:
ದಯವಿಟ್ಟು ಅದನ್ನು ಜೇಡಿಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿಸಿ. ಇಂಗುಗುಂಡಿ ಒಳ್ಳೆಯದೇ, ಆದರೆ ಬರೆಯ ಅಂಚಿನಲ್ಲಲ್ಲ. ಅಂಗಳದ ನೀರನ್ನು ಸಿಮೆಂಟಿನ ಕಣಿಯಲ್ಲಿ ಹತ್ತಿರದ ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಡಿ. ಮಳೆ ನಿಂತ ಮೇಲೂ ಬರೆಯ ಯಾವ ಮಟ್ಟದಲ್ಲಿ ಒಸರು ಉಳಿಯುತ್ತದೆಂದು ದೂರದಿಂದಲೇ ಗುರುತಿಸಿಕೊಳ್ಳಿ. ಮುಂದಿನ ಕುಸಿತ ಆ ಮಟ್ಟದಿಂದಲೇ ಆರಂಭವಾಗುವ ಸಂಭವ ಹೆಚ್ಚು. ಕೊರಕಲಿನ ಒಳಗೆ ಮಕ್ಕಳನ್ನು ಬಿಡಬೇಡಿ.